ಬಾಗಿಲು ಹಾಕಿದ ಕೋಣೆ, ಮುಗಿಯದ ಟ್ಯಾಂಕ್

(ಸಲಹೆಗಾಗಿ ನನ್ನ ಬಳಿ ಬಂದ ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಮೊದಲು ಮಾತನಾಡಿದವರು ಪತ್ನಿ. "ರಾತ್ರಿ ಇವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ನಡುರಾತ್ರಿ ಒಂದು ಗಂಟೆಯವರೆಗೂ ಹೊರಗೆ ಬರುವುದಿಲ್ಲ. ಏನಾದರೂ ಮುಗಿಸಿದ್ದರೆ ನಾನೂ ಸಂತೋಷಪಡುತ್ತಿದ್ದೆ. ಮೂರು ವರ್ಷದಲ್ಲಿ ಒಂದೂ ಮುಗಿದಿಲ್ಲ." ಪತಿ ತಲೆ ತಗ್ಗಿಸಿ ಕುಳಿತಿದ್ದರು. ವಯಸ್ಸು 46, ವೃತ್ತಿ ಲೆಕ್ಕಪರಿಶೋಧನೆ, ಹವ್ಯಾಸ ಸೇನಾ ವಾಹನಗಳ ಪುಟ್ಟ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುವುದು. ಬಿಚ್ಚದ ಪೆಟ್ಟಿಗೆಗಳು 60ಕ್ಕೂ ಹೆಚ್ಚು, ಅರ್ಧಕ್ಕೆ ನಿಂತವು 11.

"ಇದನ್ನೆಲ್ಲ ಬಿಟ್ಟುಬಿಡಿ" ಎಂದು ನಾನು ಹೇಳಲಿ ಎಂಬ ನಿರೀಕ್ಷೆ ಪತ್ನಿಯ ಮುಖದಲ್ಲಿತ್ತು. ನಾನು ಹೇಳಲಿಲ್ಲ. ನಿದ್ರೆ, ಹಸಿವು, ಕೆಲಸದಲ್ಲಿನ ಆಸಕ್ತಿ, ಸಾಲ, ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವ ಅಭ್ಯಾಸ, ಎಲ್ಲವನ್ನೂ ಕೇಳಿದೆ. ತಡವಾಗಿ ಮಲಗುವುದನ್ನು ಬಿಟ್ಟರೆ ಆತಂಕಪಡುವಂಥದ್ದು ಕಾಣಲಿಲ್ಲ. ಕಂಡಿದ್ದರೆ ಮನೋವೈದ್ಯರ ಬಳಿ ಕಳುಹಿಸುತ್ತಿದ್ದೆ. "ಅರ್ಧಕ್ಕೆ ನಿಂತದ್ದರಲ್ಲಿ ಒಂದನ್ನು ಮುಂದಿನ ಸಲ ತನ್ನಿ" ಎಂದೆ.

ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತಂದರು. 1:35 ಅಳತೆಯ ಜರ್ಮನ್ ಪಾಂಜರ್ 4. ಸುಮಾರು ಏಳು ಮೀಟರ್ ಉದ್ದದ ಯುದ್ಧ ಟ್ಯಾಂಕ್ ಇಲ್ಲಿ 20 ಸೆಂಟಿಮೀಟರ್. ಬೆಳಕಿಗೆ ಹಿಡಿದಾಗ ತೋಪು ಕೂರುವ ಗೋಪುರದ ಅಂಚಿನಲ್ಲಿ ಹಳೆಯ ಬಣ್ಣದ ತೆಳು ಗೆರೆ ಉಳಿದಿತ್ತು. ಮೂರು ಸಲ ಬಣ್ಣ ಹಚ್ಚಿ, ಮೂರು ಸಲವೂ ಕೆರೆದು ತೆಗೆದಿದ್ದರಂತೆ. ಮೊದಲ ಸಲ ಫೋಟೊ ನೋಡಿದ ಹವ್ಯಾಸಿಯೊಬ್ಬರು "ಹಸಿರು ಗಾಢವಾಯಿತು" ಎಂದಿದ್ದರು. ಉಳಿದೆರಡು ಸಲ ಯಾರೂ ಏನೂ ಹೇಳಿರಲಿಲ್ಲ. ಅವರೇ ಹೇಳಿಕೊಂಡಿದ್ದರು.

ಆ ಬಣ್ಣದ ಬಗ್ಗೆ ಕೇಳಿದಾಗ ಮನುಷ್ಯನ ದನಿಯೇ ಬದಲಾಯಿತು. 1943ರ ಫೆಬ್ರುವರಿಯಲ್ಲಿ ಜರ್ಮನ್ ಸೇನೆಯ ಆದೇಶದಂತೆ ಮೂಲ ಬಣ್ಣ ಕಂದು ಮಿಶ್ರಿತ ಹಳದಿಯಾಯಿತು. ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಗಟ್ಟಿ ಪೇಸ್ಟ್ ರೂಪದಲ್ಲಿ ಪಡೆಗಳಿಗೇ ಕೊಡುತ್ತಿದ್ದರು. ಸೈನಿಕರು ಅದನ್ನು ನೀರಿನಲ್ಲೋ ಪೆಟ್ರೋಲಿನಲ್ಲೋ ಕದಡಿ, ಸ್ಪ್ರೇ ಇದ್ದರೆ ಸ್ಪ್ರೇ, ಇಲ್ಲದಿದ್ದರೆ ಬ್ರಷ್ ಹಿಡಿದು ಹಚ್ಚುತ್ತಿದ್ದರು. ಹೆಚ್ಚು ಕದಡಿದರೆ ತೆಳು, ಕಡಿಮೆಯಾದರೆ ಗಾಢ. ಇಷ್ಟು ಹೇಳಿ ಮುಗಿಸಿದವರನ್ನು ಕೇಳಿದೆ: "ಹಾಗಾದರೆ ಅವರಲ್ಲಿ ಯಾರ ಹಸಿರು ತಪ್ಪು?"

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನನಗೆ ಗೊತ್ತಿದ್ದದ್ದೇ" ಎಂದರು. ಗೊತ್ತಿರುವುದು ಬೇರೆ, ಅದು ಕೈಗೆ ಇಳಿಯುವುದು ಬೇರೆ. ಹಗಲೆಲ್ಲ ಇತರರ ಲೆಕ್ಕದಲ್ಲಿ ತಪ್ಪು ಹುಡುಕುವ ಕಣ್ಣು ರಾತ್ರಿ ಮೇಜಿನ ಮುಂದೆಯೂ ಮುಚ್ಚುತ್ತಿರಲಿಲ್ಲ. ಪೆಟ್ಟಿಗೆಗಳು ಏಕೆ ಹೆಚ್ಚಿದವು ಎಂಬುದೂ ನನಗೆ ಆಗ ತಿಳಿಯಿತು. ಬಿಚ್ಚದ ಪೆಟ್ಟಿಗೆಯಲ್ಲಿ ತಪ್ಪು ಇರುವುದಿಲ್ಲ.

ಪತ್ನಿಯ ನೋವು ಪೆಟ್ಟಿಗೆಗಳದ್ದಾಗಿರಲಿಲ್ಲ. ಎರಡು ವರ್ಷದ ಹಿಂದೆ, ಆಗ 11 ವರ್ಷದವನಾಗಿದ್ದ ಮಗ ಅಪ್ಪನ ಪಕ್ಕ ಕುಳಿತು ಒಂದು ಮುಚ್ಚಳ ಅಂಟಿಸಿದ್ದ. ಅಂಟಿನಲ್ಲಿ ಅವನ ಹೆಬ್ಬೆರಳಿನ ಗುರುತು ಮೂಡಿತ್ತು. ಅಪ್ಪ ಅವನೆದುರೇ ಅದನ್ನು ಕಿತ್ತು ಉಜ್ಜಿ ಮತ್ತೆ ಅಂಟಿಸಿದರು. ಹುಡುಗ ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಪತ್ನಿ ಇದನ್ನು ಹೇಳುವಾಗ ಪತಿಗೆ ಆ ದಿನವೇ ನೆನಪಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇಲ್ಲಿತ್ತು.

ನಾನು ಕೊಟ್ಟ ಸಲಹೆಗಳು ಸರಳ. ಬಾಗಿಲು ಹಾಕಿಕೊಳ್ಳಲು ಅವರು ಕೊಟ್ಟ ಕಾರಣ ಬಣ್ಣ ತೆಳುವಾಗಿಸುವ ದ್ರಾವಕದ, ಅಂದರೆ ಥಿನ್ನರ್‌ನ ವಾಸನೆ. ಅದು ನಿಜವೇ. ಆದರೆ ಆ ಆವಿಯಲ್ಲಿ ಅವರೇ ಗಂಟೆಗಟ್ಟಲೆ ಕುಳಿತಿರುತ್ತಿದ್ದರು, ಅದೂ ಧೂಳಿನ ಮಾಸ್ಕ್ ಹಾಕಿಕೊಂಡು. ಧೂಳಿನ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಅದಕ್ಕೆ ಬೇರೆಯೇ ಫಿಲ್ಟರ್ ಬೇಕು. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣಕ್ಕೆ ಬದಲಾಯಿಸಿ, ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿದಾಗ ಮಾತ್ರ ಮಾಸ್ಕ್ ಹಾಕಿ, ಗಾಳಿಯನ್ನು ಕಿಟಕಿಯಿಂದ ಹೊರಗೆ ತಳ್ಳುವ ಫ್ಯಾನ್ ಇಡಿ, ಉಳಿದ ಹೊತ್ತು ಬಾಗಿಲು ತೆರೆದಿರಲಿ ಎಂದೆ. ಈ ಪಾಂಜರ್ ಮುಗಿಯುವವರೆಗೆ ಹೊಸ ಪೆಟ್ಟಿಗೆ ಬೇಡ. ಹಚ್ಚಿದ ಬಣ್ಣವನ್ನು ಕೆರೆಯುವಂತಿಲ್ಲ. ತಪ್ಪೆನಿಸಿದ ಕಡೆ ಕೆಸರು, ಧೂಳು ಬಳಿಯಬಹುದು, ಯುದ್ಧಭೂಮಿಯಲ್ಲಿ ಅವಕ್ಕೆ ಬರವಿರಲಿಲ್ಲ. ಮುಗಿಯುವ ಮುನ್ನ ಯಾರಿಗೂ ಫೋಟೊ ಕಳುಹಿಸಬಾರದು. ಹನ್ನೊಂದಕ್ಕೆ ದೀಪ ಆರಬೇಕು. ಮಗನ ಬಳಿ ಹೋಗಿ ಆ ದಿನದ ಬಗ್ಗೆ ನೇರವಾಗಿ ಮಾತನಾಡಬೇಕು, ಕೋಣೆಗೆ ಬಾ ಎಂದು ಒತ್ತಾಯಿಸಬಾರದು.

ಕೊನೆಯದೇ ಅವರಿಗೆ ಕಷ್ಟವಾಯಿತು. ಎರಡು ವಾರ ಮುಂದೂಡಿದರು. ನಡುವೆ ಒಂದು ರಾತ್ರಿ ಹಸಿರನ್ನು ಕೆರೆಯಲು ಕೂತಿದ್ದನ್ನೂ ಒಪ್ಪಿಕೊಂಡರು.

ಐದನೆಯ ಭೇಟಿಗೆ ಟ್ಯಾಂಕ್ ಮತ್ತೆ ಬಂತು. ಹಸಿರು ಪಟ್ಟೆಗಳ ಮೇಲೆ ಒಣ ಮಣ್ಣಿನ ಬಣ್ಣ. ಮಗ ತಾನಾಗಿಯೇ ಬಂದು ಚಕ್ರಗಳನ್ನು ಸುತ್ತುವ ಚೈನು ಜೋಡಿಸಿದ್ದನಂತೆ. ಪಾಂಜರ್ 4ಕ್ಕೆ ಒಂದು ಪಕ್ಕಕ್ಕೆ 99 ಕೊಂಡಿಗಳು, ಒಂದೊಂದನ್ನೂ ಕತ್ತರಿಸಿ ಅಂಚು ಉಜ್ಜಿ ಸೇರಿಸಬೇಕು. ಬಲಗಡೆ ಹುಡುಗ 98ಕ್ಕೇ ಕೊನೆ ಕೂಡಿಸಿಬಿಟ್ಟಿದ್ದ. "ಎಣಿಸಿದಿರಾ?" ಎಂದು ಕೇಳಿದೆ. "ಎಣಿಸಿದೆ" ಎಂದರು. ಉಳಿದ ಒಂದು ಕೊಂಡಿ ಅವರ ಶರ್ಟಿನ ಜೇಬಿನಲ್ಲಿತ್ತು. ತೆಗೆದು ತೋರಿಸಿ, ಮತ್ತೆ ಅಲ್ಲಿಯೇ ಇಟ್ಟುಕೊಂಡರು.