ಕೋವಿ ಇಡುವ ತಿಜೋರಿಯ ಒಳಗೆ ಯಾವ ಬಟ್ಟೆ ಅಂಟಿಸಬೇಕು?

ಹೊಸ ತಿಜೋರಿಯ ಒಳಗೆ ಬರೀ ಉಕ್ಕಿನ ತಗಡು ಇದೆ, ಕೋವಿಗೆ ಗೀರು ಬೀಳದ ಹಾಗೆ ವೆಲ್ವೆಟ್ ಹಾಕಲೋ ಫೋಮ್ ಹಾಕಲೋ ಎಂದು ಕೇಳಿದ್ದೀರಿ. ಗೀರು ತಪ್ಪಿಸಲು ಮೆತ್ತಗಿರುವ ಯಾವುದಾದರೂ ಸಾಕು. ಕೋವಿಯನ್ನು ತಿನ್ನುವುದು ತುಕ್ಕು. ಹಾಗಾಗಿ ಸುಮ್ನೆ ಮುಟ್ಟಿ ನೋಡಿ ಆರಿಸಬೇಡಿ. ಅದು ಎಷ್ಟು ತೇವ ಹಿಡಿಯುತ್ತದೆ, ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ಆವಿ ಬಿಡುತ್ತದೆ, ಇವೆರಡನ್ನು ನೋಡಿ.

ನಾನು ಎಡವಿದ್ದು ಬಟ್ಟೆಯಲ್ಲಲ್ಲ, ಅಂಟಿನಲ್ಲಿ. ಒಳ್ಳೆಯ ಕಾರ್ಪೆಟ್ ತಂದು, ಕೈಗೆ ಸಿಕ್ಕ ಸಿಲಿಕೋನ್ ಸೀಲೆಂಟಿನಿಂದ ಅಂಟಿಸಿ, ಅದೇ ಸಂಜೆ ಕೋವಿ ಇಟ್ಟು ಬಾಗಿಲು ಹಾಕಿದೆ. ತಿಂಗಳಾದ ಮೇಲೆ ತೆಗೆದು ನೋಡಿದರೆ ನಳಿಗೆಯ ಉದ್ದಕ್ಕೂ ಕಂದು ಚುಕ್ಕೆಗಳು. ಅದು ಅಪ್ಪ ಬಳಸಿದ ಕೋವಿ, ಈಗಲೂ ಆ ಕಲೆ ನೋಡಿದರೆ ಬೇಜಾರಾಗುತ್ತದೆ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ ಆ ಆವಿ ಎಲ್ಲಿಗೆ ಹೋಗಬೇಕು ಹೇಳಿ? ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವ ಸಿಲಿಕೋನ್ ಆಮ್ಲ ಬಿಡುವುದಿಲ್ಲ. ಅದಕ್ಕಿಂತ ನನಗೆ ಇಷ್ಟವಾದದ್ದು ವೆಲ್ಕ್ರೋ ಪಟ್ಟಿ, ಏಕೆಂದರೆ ಬಟ್ಟೆಯನ್ನು ಬಿಚ್ಚಿ ಒಣಗಿಸಬಹುದು. ಯಾವ ಅಂಟು ಬಳಸಿದರೂ ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋಗುವ ತನಕ ಕಾಯಿರಿ. ವಾರ ಹಿಡಿದರೂ ಸರಿ.

ಈಗ ಬಟ್ಟೆಗೆ ಬರೋಣ. ಉಣ್ಣೆಯ ಫೆಲ್ಟ್, ಅಂದರೆ ನೇಯದೆ ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ, ನೋಡಲು ಚೆಂದ, ಆದರೆ ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒಣಗಿದಂತೆಯೇ ಇರುತ್ತದೆ. ನುಸಿಯೂ ತಿನ್ನುತ್ತದೆ. ಹತ್ತಿಯ ವೆಲ್ವೆಟ್ಟೂ ತೇವ ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಕಾರ್ಪೆಟ್ ನೀರನ್ನು ಹೀರುವುದೇ ಇಲ್ಲ ಎನ್ನಬಹುದು, ನನ್ನ ಆಯ್ಕೆ ಅದೇ. ಪಾಲಿಯೆಸ್ಟರ್ ಫೆಲ್ಟ್ ಕೂಡ ಆಗುತ್ತದೆ. ತಿಳಿ ಬಣ್ಣದ್ದು ತೆಗೆದುಕೊಳ್ಳಿ, ಒಳಗೆ ಬೆಳಕು ಚೆನ್ನಾಗಿರುತ್ತದೆ.

ಫೋಮ್ ಬೇಕೇ ಬೇಕು ಅಂದರೆ ಜಾಗ್ರತೆ. ಹಾಸಿಗೆ, ಸೋಫಾಗಳಲ್ಲಿರುವ ಸ್ಪಂಜು ಪಾಲಿಯುರೆಥೇನ್. ತೆರೆದ ರಂಧ್ರಗಳಲ್ಲಿ ತೇವ ಕೂರುತ್ತದೆ, ವರ್ಷಗಳು ಕಳೆದಂತೆ ಪುಡಿಯಾಗುತ್ತದೆ ಅಥವಾ ಅಂಟಂಟಾಗುತ್ತದೆ. ಮರದ ಹಿಡಿಗೆ ಆ ಅಂಟು ಹತ್ತಿದರೆ ತೆಗೆಯುವುದು ಬಹಳ ಕಷ್ಟ. ಮುಚ್ಚಿದ ರಂಧ್ರದ ಪಾಲಿಎಥಿಲೀನ್ ಫೋಮ್ ಕೇಳಿ ತನ್ನಿ. ರೆಕ್ಸಿನ್, ಪಿವಿಸಿ ಬೇಡ. ಹದ ಮಾಡಿದ ಚರ್ಮದಲ್ಲಿ ಆಮ್ಲ, ಉಪ್ಪು ಉಳಿದಿರುತ್ತದೆ, ಅದೂ ಬೇಡ. ಓಕ್ ಮರದ ಸ್ಟ್ಯಾಂಡ್ ಕೂಡ ಅಸಿಟಿಕ್ ಆಮ್ಲ ಬಿಡುತ್ತದೆ.

ಅನುಮಾನ ಇದ್ದರೆ ಪರೀಕ್ಷೆ ಮಾಡಿ ನೋಡಿ. ಒಂದು ವಸ್ತು ಬಿಡುವ ಆವಿ ಲೋಹವನ್ನು ಕೆಡಿಸುತ್ತದೆಯೇ ಎಂದು ನೋಡಲು ಮ್ಯೂಸಿಯಂಗಳಲ್ಲಿ ಆಡಿ ಟೆಸ್ಟ್ ಅಂತ ಒಂದಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಹುಟ್ಟಿದ್ದು. ಬಟ್ಟೆಯ ಚೂರನ್ನು ಬೆಳ್ಳಿ, ಸೀಸ, ತಾಮ್ರದ ತುಂಡುಗಳ ಜೊತೆ, ಸ್ವಲ್ಪ ನೀರಿನೊಂದಿಗೆ ಮುಚ್ಚಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಡುತ್ತಾರೆ. ಮನೆಯಲ್ಲಿ ಅಷ್ಟೆಲ್ಲ ಬೇಡ. ಎರಡು ಗಾಜಿನ ಜಾಡಿಗಳಲ್ಲಿ ಉಜ್ಜಿ ಹೊಳಪು ಮಾಡಿದ ಒಂದೊಂದು ಕಬ್ಬಿಣದ ಮೊಳೆ, ಒಂದೊಂದು ಒದ್ದೆ ಹತ್ತಿ ಇಡಿ. ಹತ್ತಿ ಮೊಳೆಗೆ ತಾಗಬಾರದು. ಒಂದರಲ್ಲಿ ಮಾತ್ರ ಬಟ್ಟೆ ಹಾಕಿ ಬಿಗಿಯಾಗಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿಡಿ. ಬಟ್ಟೆ ಇರುವ ಜಾಡಿಯ ಮೊಳೆಗೇ ಜಾಸ್ತಿ ತುಕ್ಕು ಹಿಡಿದರೆ ಆ ಬಟ್ಟೆ ಬಿಡಿ. ಅಂಟನ್ನೂ ಹೀಗೇ ಪರೀಕ್ಷಿಸಬಹುದು. ನಾನು ಮೊದಲೇ ಇದನ್ನು ಮಾಡಬೇಕಿತ್ತು.

ಬಟ್ಟೆ ಯಾವುದೇ ಇರಲಿ, ಒಳಗೆ ಗಾಳಿಯ ತೇವಾಂಶ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್, ತೇವ ಹೀರುವ ಸಿಲಿಕಾ ಜೆಲ್ ಇರಲಿ. ತೇವಾಂಶ ಶೇ. 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, 60 ದಾಟಿದರೆ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ.

ಇನ್ನೊಂದು ವಿಷಯ. ಬೆಂಕಿ ತಡೆಯುವ ತಿಜೋರಿಯಾದರೆ ಗೋಡೆಯೊಳಗೆ ಹೆಚ್ಚಾಗಿ ಜಿಪ್ಸಮ್ ಹಲಗೆ ಇರುತ್ತದೆ. ಜಿಪ್ಸಮ್‌ನ ತೂಕದಲ್ಲಿ ಸುಮಾರು ಶೇ. 21 ನೀರೇ. ಬೆಂಕಿ ಬಿದ್ದಾಗ ಅದು ಆವಿಯಾಗಿ ಒಳಗಿನ ಬಿಸಿಯನ್ನು ತಡೆಯುತ್ತದೆ. ಬಟ್ಟೆ ಹಾಕಲು ಅದಕ್ಕೆ ಸ್ಕ್ರೂ ಹೊಡೆಯಬೇಡಿ.

ತಳಕ್ಕೆ ರಬ್ಬರ್ ಮ್ಯಾಟ್ ಹಾಕುವ ಮನಸ್ಸಾಗುತ್ತದೆ. ಅದು ಹಿಡಿಯ ವಾರ್ನಿಷಿಗೆ ಕಲೆ ಮಾಡುತ್ತದೆ. ದಪ್ಪ ಕಾರ್ಪೆಟ್ ತುಂಡನ್ನು ಅಂಟಿಸದೆ ಹಾಗೇ ಹಾಸಿ, ತಿಂಗಳಿಗೊಮ್ಮೆ ಎತ್ತಿ ಅಡಿಯಲ್ಲಿ ತೇವ ಇದೆಯಾ ನೋಡಿ.