ಕೋಲಾರದ ನೆಲದಡಿ ಚಿನ್ನ, ಕಲ್ಲಿದ್ದಲು ಇದೆಯಾ ಅಂತ ಅಗೆಯದೆ ಮೆಷಿನ್ ಹೇಳುತ್ತದಾ?

ಚಿನ್ನವನ್ನು ನೇರವಾಗಿ ಹೇಳುವುದಿಲ್ಲ. ಒಳ್ಳೆಯ ಅದಿರಿನಲ್ಲೂ ಟನ್ನಿಗೆ ಕೆಲವೇ ಗ್ರಾಂ ಇರುತ್ತದೆ, ಅಷ್ಟನ್ನು ಮೇಲಿನಿಂದ ಹಿಡಿಯಲು ಆಗುವುದಿಲ್ಲ. "ಚಿನ್ನ ತೋರಿಸುವ ಮೆಷಿನ್" ಅಂತ ಯಾರಾದರೂ ಬಂದರೆ ಸುಮ್ನೆ ದುಡ್ಡು ಕೊಡಬೇಡಿ.

ಹುಡುಕುವುದು ಚಿನ್ನದ ಜೊತೆ ಇರುವ ಸಲ್ಫೈಡ್ (ಲೋಹಕ್ಕೆ ಗಂಧಕ ಸೇರಿದ) ಖನಿಜಗಳನ್ನು. ನಮ್ಮ ಕಡೆ ಬೋರ್‌ವೆಲ್ ಪಾಯಿಂಟ್ ನೋಡುವವರು ಸಾಲಾಗಿ ನಾಲ್ಕು ಸರಳು ನೆಟ್ಟು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಇಲ್ಲಿ ಕರೆಂಟ್ ನಿಲ್ಲಿಸಿದ ಮೇಲೂ ನೋಡುತ್ತಾರೆ. ವೋಲ್ಟೇಜ್ ತಟ್ಟನೆ ಸೊನ್ನೆಗೆ ಬೀಳದೆ ಮೆಲ್ಲಗೆ ಇಳಿದರೆ ಸಲ್ಫೈಡ್ ಇರಬಹುದು. ಇರಬಹುದು ಅಷ್ಟೇ, ಯಾಕೆಂದರೆ ಗ್ರಾಫೈಟ್ ಮತ್ತು ಕೆಲವು ಜೇಡಿಯೂ ಹಾಗೇ ಆಡುತ್ತವೆ. ಕೊನೆಗೆ ಡ್ರಿಲ್ ಮಾಡಿ, ಕಲ್ಲು ತೆಗೆದು, ಲ್ಯಾಬಿಗೆ ಕಳಿಸಲೇಬೇಕು.

ಕಬ್ಬಿಣದ ಅದಿರು ಸ್ವಲ್ಪ ಸುಲಭ. ಮ್ಯಾಗ್ನೆಟೈಟ್ ಅನ್ನುವ ಬಲವಾದ ಕಾಂತಗುಣದ ಅದಿರು ಜಾಸ್ತಿ ಇದ್ದರೆ ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯುವ ಉಪಕರಣ) ಹಿಡಿದು ನಡೆದರೂ ಗೊತ್ತಾಗುತ್ತದೆ. ಕಾಂತಗುಣ ಕಡಿಮೆ ಇರುವ ಹೆಮಟೈಟ್ ಅದಿರಾದರೆ ಅಷ್ಟು ಕಾಣುವುದಿಲ್ಲ.

ಕಲ್ಲಿದ್ದಲು? ಕೋಲಾರದಲ್ಲಿ ಹುಡುಕುವುದೇ ವ್ಯರ್ಥ. ಇಲ್ಲಿನ ಬಂಡೆ 250 ಕೋಟಿ ವರ್ಷಕ್ಕಿಂತ ಹಳೆಯದು, ಆಗ ಕಲ್ಲಿದ್ದಲಾಗಲು ಗಿಡಮರಗಳೇ ಇರಲಿಲ್ಲ ಅಲ್ವಾ! ತೆಲಂಗಾಣದ ಸಿಂಗರೇಣಿಯಂಥ ಮರಳುಗಲ್ಲಿನ ಪದರಗಳಲ್ಲಿ ಅದು ಸಿಗುತ್ತದೆ. ಅಂಥ ಕಡೆ ಬೋರ್ ಕೊರೆದು ಒಳಗೆ ಉಪಕರಣ ಇಳಿಸುತ್ತಾರೆ. ಸಾಂದ್ರತೆ (ಒಂದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ಮರಳುಗಲ್ಲಿನ 2.3ರ ಆಸುಪಾಸಿನಿಂದ 1.4ರ ಹತ್ತಿರಕ್ಕೆ ಕುಸಿದು, ಜೊತೆಗೆ ಗಾಮಾ ವಿಕಿರಣವೂ ಕಡಿಮೆಯಾದರೆ ಅದು ಬಹುತೇಕ ಕಲ್ಲಿದ್ದಲೇ. ಆಳಕ್ಕೆ ತಕ್ಕಂತೆ ಈ ಅಳತೆಗಳನ್ನು ಬರೆದ ಗ್ರಾಫಿನಲ್ಲೇ ಪದರದ ದಪ್ಪವೂ ಸಿಗುತ್ತದೆ.