ಕಾನೂನು ಓದದ ಮೌಲ್ಯಮಾಪಕರಿಗೆ ಆರ್ಬಿಟ್ರೇಷನ್‌ನಲ್ಲಿ ಕೆಲಸವಿದೆಯೇ?

ಬಾಗಲಕೋಟೆಯಲ್ಲಿ ಬ್ಯಾಂಕುಗಳಿಗೆ ಆಸ್ತಿಯ ಬೆಲೆ ಕಟ್ಟಿಕೊಡುತ್ತಿದ್ದೀರಿ, ಕಾನೂನು ಓದಿಲ್ಲ, ಕೋರ್ಟಿನ ಹೊರಗೆ ಮಧ್ಯಸ್ಥರು (ಆರ್ಬಿಟ್ರೇಟರ್) ವ್ಯಾಜ್ಯ ತೀರ್ಮಾನಿಸುವ ಆರ್ಬಿಟ್ರೇಷನ್‌ನಲ್ಲಿ ನಮಗೇನಾದರೂ ಕೆಲಸವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ನಾನೂ ಸಿವಿಲ್ ಎಂಜಿನಿಯರ್, ವಕೀಲನಲ್ಲ. ವಿಜಯಪುರದಲ್ಲಿದ್ದುಕೊಂಡು ಇದನ್ನೇ ಮಾಡುತ್ತಿದ್ದೇನೆ.

ನನಗೆ ಹೆಚ್ಚಾಗಿ ಬರುವುದು ಹೆದ್ದಾರಿಗೆ ಹೋದ ಹೊಲಗಳ ಕೆಲಸ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಗೊತ್ತುಮಾಡಿದ ಪರಿಹಾರ ಒಪ್ಪಿಗೆಯಾಗದಿದ್ದರೆ ರೈತರು ಕೇಂದ್ರ ಸರ್ಕಾರ ನೇಮಿಸಿದ ಆರ್ಬಿಟ್ರೇಟರ್ ಮುಂದೆ ಹೋಗಬೇಕು. (ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗುವ ಜಮೀನಿನ ದಾರಿ ಬೇರೆ, ಎರಡನ್ನೂ ಬೆರೆಸಬೇಡಿ.) ಅವರ ಜಮೀನಿನ ಬೆಲೆಯ ವರದಿ ಬರೆದುಕೊಡುವುದು ನಮ್ಮ ಕೆಲಸ. ಹೆದ್ದಾರಿ ಪ್ರಕರಣದಲ್ಲಿ ಲೆಕ್ಕಕ್ಕೆ ಬರುವುದು 3ಎ ಅಧಿಸೂಚನೆ (ಜಮೀನು ಪಡೆಯುವ ಉದ್ದೇಶವನ್ನು ಸರ್ಕಾರ ಸಾರುವ ಪ್ರಕಟಣೆ) ಹೊರಬಿದ್ದ ದಿನದ ಬೆಲೆ. ಬ್ಯಾಂಕಿನ ರೂಢಿಯಲ್ಲಿ ಇವತ್ತಿನ ದರ ಬರೆದರೆ ವರದಿ ನಿಲ್ಲುವುದಿಲ್ಲ. ಆ ಅಧಿಸೂಚನೆಗೂ ಹಿಂದಿನ ಮೂರು ವರ್ಷಗಳ ಖರೀದಿ ಪತ್ರಗಳನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿ, ಅದೇ ಬಗೆಯ ಜಮೀನಿನವನ್ನು ಆರಿಸಿಕೊಳ್ಳಿ. 2013ರ ಭೂಸ್ವಾಧೀನ ಕಾಯ್ದೆಯಂತೆ ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ನೋಡಬೇಕು. ಕಪ್ಪು ಮಣ್ಣಿನ ಎರೆ ಹೊಲದ ಪಕ್ಕದಲ್ಲಿ ಕಲ್ಲು ನೆಲದ ಮಡ್ಡಿ ಭೂಮಿಯನ್ನು ಇಟ್ಟು ತೂಗಬೇಡಿ. ದ್ರಾಕ್ಷಿ ತೋಟವಾದರೆ ನೆಲದ ಬೆಲೆ ಒಂದು. ಬಳ್ಳಿ, ಕಂಬ, ತಂತಿ, ಹನಿ ನೀರಾವರಿ, ಬಾವಿಗಳ ಬೆಲೆ ಬೇರೆ.

ಮೊದಲ ಪ್ರಕರಣದಲ್ಲೇ ನಾನು ಎಡವಿದೆ. ನಾಲ್ಕು ಖರೀದಿ ಪತ್ರಗಳನ್ನು ಆಧರಿಸಿ ವರದಿ ಕೊಟ್ಟಿದ್ದೆ. ಎದುರು ಪಕ್ಷದ ವಕೀಲರು ಅದೇ ಊರಿನ ಐದನೆಯದನ್ನು ಮುಂದಿಟ್ಟು, "ಇದನ್ನೇಕೆ ಬಿಟ್ಟಿರಿ?" ಎಂದರು. ಅದು ಅಣ್ಣ ತಮ್ಮನಿಗೆ ಕಡಿಮೆ ಬೆಲೆಗೆ ಬರೆದುಕೊಟ್ಟದ್ದು, ಬಿಡಲು ಸರಿಯಾದ ಕಾರಣವಿತ್ತು. ಆದರೆ ವರದಿಯಲ್ಲಿ ಆ ಕಾರಣ ಇರಲಿಲ್ಲ, ಆಮೇಲೆ ಹೇಳಿದ ಮಾತನ್ನು ಯಾರು ನಂಬುತ್ತಾರೆ? ನನ್ನನ್ನು ನಂಬಿದ್ದ ರೈತರ ಮುಖ ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ ಕೈಬಿಟ್ಟ ಪತ್ರಗಳನ್ನೂ ಕಾರಣ ಸಹಿತ ಬರೆಯುತ್ತೇನೆ.

ಆರ್ಬಿಟ್ರೇಟರ್ ತಾವೇ ತಜ್ಞರನ್ನು ನೇಮಿಸಿಕೊಳ್ಳಲು 1996ರ ಆರ್ಬಿಟ್ರೇಷನ್ ಕಾಯ್ದೆಯ 26ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆಗ ಪಕ್ಷಗಾರರು ಕೇಳಿದರೆ ವರದಿಗೆ ಬಳಸಿದ ದಾಖಲೆಗಳನ್ನು ಒದಗಿಸಬೇಕು, ಅವರ ಪ್ರಶ್ನೆಗಳಿಗೂ ಉತ್ತರಿಸಬೇಕು. ಪಾಲುದಾರಿಕೆ ಒಡೆದು ಶೀತಲಗೃಹದ ಬೆಲೆ ಕಟ್ಟಬೇಕಾದಂಥ ಖಾಸಗಿ ವ್ಯಾಜ್ಯಗಳಲ್ಲಿ ಎರಡೂ ಕಡೆಯವರು ಒಪ್ಪಿದರೆ ನೀವೇ ಆರ್ಬಿಟ್ರೇಟರ್ ಆಗಬಹುದು. ಕಾನೂನು ಪದವಿ ಕಡ್ಡಾಯವಲ್ಲ. ಆದರೆ ಯಾವ ಪಕ್ಷಕ್ಕಾದರೂ ಹಿಂದೆ ಕೆಲಸ ಮಾಡಿಕೊಟ್ಟಿದ್ದರೆ ಒಪ್ಪಿಕೊಳ್ಳುವ ಮೊದಲೇ ಬರವಣಿಗೆಯಲ್ಲಿ ತಿಳಿಸಿ.

ವರದಿ ಮೊದಲೇ ಗಟ್ಟಿಯಾಗಿರಲಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆರ್ಬಿಟ್ರೇಟರ್ ತೀರ್ಪು ಬಂದ ಮೇಲೆ ಅದನ್ನು ಪ್ರಶ್ನಿಸಿ ಅದೇ 1996ರ ಕಾಯ್ದೆಯ 34ನೇ ಸೆಕ್ಷನ್ ಅಡಿ ನ್ಯಾಯಾಲಯಕ್ಕೆ ಹೋದರೆ ಬೆಲೆಯನ್ನು ಹೊಸದಾಗಿ ತೂಗುವುದಿಲ್ಲ. ಆರ್ಬಿಟ್ರೇಟರ್ ತೀರ್ಪನ್ನು ನ್ಯಾಯಾಲಯ ತಿದ್ದಲಾಗದು ಎಂದು 2021ರಲ್ಲಿ ಹೆದ್ದಾರಿ ಪರಿಹಾರದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2025ರಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಸೀಮಿತ ತಿದ್ದುಪಡಿಗೆ ಮಾತ್ರ ಅವಕಾಶ ಕೊಟ್ಟಿತು.

ನಿಮ್ಮ ಕೈಗೆ ಮೊದಲ ಪ್ರಕರಣ ಬರುವ ಹೊತ್ತಿಗೆ ಹೊಲ ಡಾಂಬರಿನ ಕೆಳಗೆ ಸೇರಿರಬಹುದು. ಆಗ ಜಂಟಿ ಅಳತೆಯ ದಾಖಲೆ, ಹಳೆಯ ಉತಾರ (ಪಹಣಿ) ಮತ್ತು ಮನೆಯವರ ಬಳಿಯಿರುವ ತೋಟದ ಫೋಟೊಗಳನ್ನು ಮೊದಲು ಕೇಳಿ ಪಡೆಯಿರಿ.